ಜರುಗದ ಬಳೆ

ಮೊಳಕಾಲ್ಮೂರು,
ಸೌಮ್ಯ ಸಂವತ್ಸರದ ಕಾರ್ತಿಕ ಶುದ್ಧ ಪಂಚಮಿ, ೧೯೦೯

ನನ್ನ ಮೊಮ್ಮಗ ಸೂರಪ್ಪನಿಗೆ ಅಜ್ಜಿ ಬೊಮ್ಮಕ್ಕನ ಆಶೀರ್ವಾದ.

ಬಳ್ಳಾರಿಯ ನೀರು ಒಗ್ಗಿತೇ? ಕೆಮ್ಮು ಹೋಯಿತೇ? ಸೀರೆ ಮಾರುವ ಭರದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುವವನಲ್ಲ ನೀನು, ಥೇಟು ನಿನ್ನ ತಾತನ ಬುದ್ಧಿ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ, ನಿಧಾನವಾಗಿ ಓದು.

ನಿನ್ನ ಹೆಂಡತಿ ತಿಪ್ಪಕ್ಕನಿಗೆ ಎಂಟು ತಿಂಗಳು ತುಂಬುತ್ತಾ ಬಂತು. ಏಳರಲ್ಲಿ ತೊಡಿಸಿದ ಹಸಿರು ಬಳೆಗಳು ಈಗ ಕೈಯಲ್ಲಿ ಹೂತುಕೊಂಡಿವೆ, ಅತ್ತ ಇತ್ತ ಜರುಗುವುದಿಲ್ಲ. ನಿನ್ನ ಅವ್ವನಿಗೆ ಅದೇ ಹೆಮ್ಮೆ. "ನನ್ ಸೊಸೆ ಕೈ ತುಂಬೈತೆ ನೋಡ್ರೇ" ಎಂದು ಬೀದಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ನಿನ್ನೆ ಬಳೆಗಾರ್ತಿ ಪಾತಮ್ಮನಿಗೂ ತೋರಿಸಿದಳು. ಪಾತಮ್ಮ ಬಳೆ ಮಲಾರ ಇಳಿಸಿ, ಹುಡುಗಿಯ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಮುದ್ದೆ ಒತ್ತಿದಂತೆ ಗುಳಿ ಬಿತ್ತು, ಮೇಲೇಳಲಿಲ್ಲ. "ಬೊಮ್ಮಕ್ಕಾ, ಇದು ಮೈ ಅಲ್ಲ, ನೀರು. ಈ ಸೀಮೆ ಹೆಂಗಸರ ಕೈ ಅಳತೆ ಎಲ್ಲಾ ನನ್ ತಲೇಲಿ ಐತೆ. ಹಿಂಗೆ ಬಿರ್ರನೆ ಊದಿದ ಮೂರು ಬಸುರೇರ ಕೈಗೆ ನಾನು ಮತ್ತೆ ಬಳೆ ತೊಡಿಸ್ಲಿಲ್ಲ" ಎಂದಳು. ನಿನ್ನ ಅವ್ವ "ನಿನ್ ಬಾಯಿಗೆ ಮಣ್ಣು ಹಾಕ" ಎಂದು ಅವಳನ್ನು ಹೊರಗಟ್ಟಿದಳು.

ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ನನ್ನ ಮಗಳು, ನಿನ್ನ ಸೋದರತ್ತೆ ಗೌರಿಯ ಕೈಯನ್ನು ನಾನೂ ಹೀಗೆಯೇ ಬೀದಿಗೆ ತೋರಿಸಿದ್ದೆನಪ್ಪಾ. ತಲೆನೋವು ಎಂದಾಗ ಕೆಲಸಗಳ್ಳಿ ಎಂದು ಬೈದೆ. ಆಮೇಲೆ ಕೈಕಾಲು ಸೆಟೆದು ಸೆಳವು ಬಂತು. ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪು ಬೀಸಿದರು. ತಾಯಿ, ಮಗು ಎರಡೂ ಹೋದವು. ಈಗ ತಿಪ್ಪಕ್ಕನಿಗೂ ತಲೆ ಸಿಡಿಯುತ್ತಿದೆ. ಬೆಳಿಗ್ಗೆ ಮಗ್ಗದಲ್ಲಿ ಕಡಿದ ಎಳೆ ಕಟ್ಟಲು ಕೂತವಳು, "ಅಜ್ಜೀ, ಒಂದೆಳೆ ಎರಡಾಗಿ ಕಾಣ್ತೈತೆ" ಎಂದಳು. ಕಣ್ಣು ಮುಚ್ಚಿಕೊಂಡು ರೇಷ್ಮೆ ಎಳೆ ಕಟ್ಟುವ ಹುಡುಗಿ ಅದು!

ಬಳ್ಳಾರಿಯಲ್ಲಿ ಒಬ್ಬ ದೊರೆಸಾನಿ ಡಾಕ್ಟರು ಬಸುರಿಯರ ಮೂತ್ರ ಕಾಯಿಸಿ ನೋಡುತ್ತಾಳಂತೆ. ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿದರೆ ಸೆಳವಿನ ಭಯವಿದೆಯೆಂದು ಮೊದಲೇ ಹೇಳುತ್ತಾಳಂತೆ. ಪಾತಮ್ಮನ ಮಾತು. ಹಾಲು ಕಾಯಿಸುವುದು ಕಂಡಿದ್ದೆ, ಇದೆಂಥದೋ! ಏನು ಬೇಕಾದರೂ ಕಾಯಿಸಲಿ, ಹುಡುಗಿ ಉಳಿಯಲಿ. ಗಂಡ ಹೇಳದೆ ಚೊಚ್ಚಲ ಬಸುರಿ ಊರು ದಾಟಬಾರದೆಂದು ನಿನ್ನ ಅವ್ವ ಬಾಗಿಲಿಗೆ ಅಡ್ಡ ಕೂತಿದ್ದಾಳೆ.

ನೂರು ವರ್ಷ ಬಾಳು, ಹೊತ್ತಿಗೆ ಉಣ್ಣು.

ನಿನ್ನ ಅಜ್ಜಿ
ಬೊಮ್ಮಕ್ಕ

ಇನ್ನೊಂದು ಮಾತು: ನಿನ್ನ ಅವ್ವನನ್ನು ದಾಟಿಕೊಂಡೇ ಹೊರಗೆ ಬಂದೆವು, ಗಾಡಿ ಹೂಡಿಸಿದ್ದೇನೆ. ಈ ಕಾಗದ ನಮ್ಮ ಬೀದಿಯ ಶಿವಮೂರ್ತಪ್ಪನ ಕೈಯಲ್ಲಿ ಇವತ್ತಿನ ರೈಲಿಗೆ ಬರುತ್ತದೆ. ನಾವು ರಾಯದುರ್ಗದಿಂದ ನಾಳೆಯ ರೈಲಿಗೆ. ಟೇಷನ್ನಿನಲ್ಲಿ ನಿಂತಿರು. ತಿಪ್ಪಕ್ಕನ ಬರಿಗೈ ಕಂಡು ಎದೆ ಒಡೆದುಕೊಳ್ಳಬೇಡ. ಬಳೆ ಕೈ ಕೊರೆಯುತ್ತಿತ್ತು, ನಾನೇ ಒಡೆದೆ. ಮುತ್ತೈದೆ ಬಳೆ ಒಡೆದರೆ ಗಂಡನಿಗೆ ಕೇಡು ಎಂದು ನಿನ್ನ ಅವ್ವ ಗೋಳಾಡುತ್ತಿದ್ದಾಳೆ. ನೀನು ಗುಂಡುಕಲ್ಲಿನ ಹಾಗಿದ್ದೀಯ, ನಿನಗೇನೂ ಆಗದು. ಹೊಸ ಬಳೆ ಕೊಂಡಿಟ್ಟಿರು. ಊದಿದ ಕೈಯ ಅಳತೆಗಲ್ಲ, ಮದುವೆ ದಿನದ ಅಳತೆಗೆ.