ಹದಿನೆಂಟು ತಿಂಗಳ ಗುಡ್ಡ

ಗಣಿ ಕಚೇರಿಯ ನಕ್ಷೆ ಕೋಣೆ,
ಮಂಗಳವಾರ, ಮಾರ್ಚ್ ೧೪

ಪ್ರೀತಿಯ ಅಣ್ಣಾ,

ಹದಿನೆಂಟು ತಿಂಗಳು ಮಾತ್ರ ಎಂದು ಜನರನ್ನು ನಂಬಿಸಿ, ಅವರ ಮನೆಗಳ ಬೆನ್ನಿಗೆ ಎಂದೂ ತೆಗೆಯದ ಗುಡ್ಡ ಕಟ್ಟುವುದು ಮೋಸ. ಆ ಮೋಸದ ಗೆರೆ ಎಳೆಯುತ್ತಿರುವವಳು ನಿನ್ನ ತಂಗಿ. ಇದನ್ನು ಮೊದಲೇ ಹೇಳಿಬಿಟ್ಟೆ, ಹೇಳದೆ ಕುಶಲ ಕೇಳಲು ಕೈ ಬರಲಿಲ್ಲ. ಈಗ ಹೇಳು, ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹೊಸ ಹುದ್ದೆಯಲ್ಲಿ ಕೈಯಿರುವ ಕುರ್ಚಿ ಕೊಟ್ಟಿದ್ದಾರಂತೆ, ಅತ್ತಿಗೆ ನಗುತ್ತಾ ಹೇಳಿದರು. ನಿನ್ನ ಮಗಳಿಗೆ ಎರಡು ಹಲ್ಲು ಬಂದಿವೆ, ಮೊನ್ನೆ ನನ್ನ ಸ್ಕೇಲನ್ನೂ ಕಚ್ಚಿ ಗುರುತು ಮಾಡಿದಳು. ಅಮ್ಮ ಗಟ್ಟಿಯಾಗಿದ್ದಾಳೆ, ಬೈಗುಳವೂ ಗಟ್ಟಿಯಾಗಿದೆ. "ಸಂಘದ ಕರಪತ್ರ ಓದಿ ಓದಿ ಇವಳ ತಲೆ ಕೆಟ್ಟಿದೆ, ಊಟಕ್ಕೆ ಕರೆದರೆ ಬೇಡಿಕೆ ಪಟ್ಟಿ ಓದ್ತಾಳೆ" ಅಂತ ಅಕ್ಕಪಕ್ಕದವರಿಗೆಲ್ಲ ಸಾರುತ್ತಾಳೆ.

ನೀನು ಹೊಸ ಹುದ್ದೆಗೆ ಹೋದ ವಾರವೇ ಈ ಕೆಲಸ ನನ್ನ ಮೇಜಿಗೆ ಬಂತು. ಗಣಿಯಿಂದ ತೆಗೆದ ಕಪ್ಪು ಕಲ್ಲು, ಮಣ್ಣು, ಕಲ್ಲಿದ್ದಲು ತೊಳೆದ ಕೆಸರು, ಎಲ್ಲವನ್ನೂ ಹಳೆಯ ಹೊಂಡ ಖಾಲಿಯಾಗುವವರೆಗೆ ಸುರಿಯಲು ತಾತ್ಕಾಲಿಕ ಜಾಗ. ನಮ್ಮ ವಸತಿಗೃಹಗಳ ಹಿಂದಿನ ಇಳಿಜಾರಿನಲ್ಲಿ, ಬಾವಿಗಿಂತ ಮೇಲೆ. ಅತ್ತಿಗೆ ದಿನವೂ ನೀರು ಸೇದುವ ಅದೇ ಬಾವಿ. ಮೊದಲ ಕರಡಿನಲ್ಲಿ ಕೊಳೆ ನೆಲದ ನೀರಿಗೆ ಇಳಿಯದಂತೆ ಅರ್ಧ ಮೀಟರ್ ಜೇಡಿಮಣ್ಣಿನ ಹಾಸು, ಸುತ್ತ ಕಾಲುವೆ, ಕೆಳಗೆ ಕೊಳೆನೀರು ನಿಲ್ಲುವ ಹೊಂಡ ಎಲ್ಲ ಇದ್ದವು. ಎರಡನೆಯದರಲ್ಲಿ ಹಾಸು ಮಾಯ. ಕೇಳಿದೆ. ಹಿರಿಯ ನಕ್ಷೆಗಾರರು, ನಾವೆಲ್ಲ ರಬ್ಬರ್ ಮಾವ ಅನ್ನುತ್ತೇವಲ್ಲ, ಅವರು ಕನ್ನಡಕದ ಮೇಲಿಂದ ನೋಡಿ, "ಟೆಂಟಿಗೆ ಯಾರಾದ್ರೂ ಗಾರೆ ನೆಲ ಹಾಕಿಸ್ತಾರೇನಮ್ಮ?" ಅಂದರು. ಕೋಣೆಯೆಲ್ಲ ನಕ್ಕಿತು. ಸತ್ಯವಾಗಿ ಹೇಳುತ್ತೇನೆ, ನನಗೂ ನಗು ಬಂತು.

ನಗು ನಿಂತ ಮೇಲೆ ಲೆಕ್ಕ ಹಾಕಿದೆ. ದಿನಕ್ಕೆ ನಲವತ್ತು ಲಾರಿಯಂತೆ ಹದಿನೆಂಟು ತಿಂಗಳು ಸುರಿದರೂ ನಾನು ಬರೆದ ಜಾಗದ ಮೂರನೇ ಒಂದು ಪಾಲೂ ತುಂಬುವುದಿಲ್ಲ. ಹಾಗಾದರೆ ಉಳಿದ ಜಾಗ ಯಾರಿಗೆ? ವಾಪಸು ತೆಗೆದುಕೊಂಡು ಹೋಗಲು ದಾರಿಯನ್ನೇ ಬರೆಸಿಲ್ಲ. ಲಾರಿ ಹತ್ತುವ ದಾರಿ ಇದೆ, ಕಲ್ಲು ಇಳಿಸಿ ತರುವ ದಾರಿ ಇಲ್ಲ! ಇದನ್ನು ಹೇಳಿದ ದಿನದಿಂದ ರಬ್ಬರ್ ಮಾವ ಕಪಾಟಿಗೆ ಬೀಗ ಹಾಕುತ್ತಾರೆ. ಎರಡು ವರ್ಷ ನನ್ನ ಹೆಸರು ಕೇಳದ ಮ್ಯಾನೇಜರು ನಿನ್ನೆ ಕರೆದು ಟೀ ಕೊಟ್ಟು, "ಅಣ್ಣ ಪತ್ರ ಬರೀತಾರಾ?" ಅಂದರು. ನನ್ನ ಟೀ ಅಲ್ಲೇ ಆರಿತು. ಅವರಿಗೇಕೆ ನಿನ್ನ ಪತ್ರದ ಚಿಂತೆ? ಅದಕ್ಕೇ ಇದನ್ನು ಕಚೇರಿಯ ಟಪಾಲಿಗೆ ಹಾಕುತ್ತಿಲ್ಲ, ಬಸ್ಸಿನ ಕಂಡಕ್ಟರ ಕೈಲಿ ಕಳಿಸುತ್ತಿದ್ದೇನೆ. ಲಕೋಟೆಯ ಅಂಟು ಬಿಚ್ಚಿದಂತಿದ್ದರೆ ತಿಳಿಸು. ಯಾರನ್ನೂ ನಂಬಬಾರದು ಎನ್ನುವಷ್ಟು ಕಹಿಯಾಗಬೇಡ ಎಂದು ನೀನು ಹೇಳುತ್ತಿದ್ದೆ. ಪ್ರಯತ್ನ ಮಾಡುತ್ತಿದ್ದೇನೆ, ಕಷ್ಟವಾಗುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ, ಅತ್ತಿಗೆಯ ನೆನಪುಗಳು, ಮಗಳ ಎರಡು ಹಲ್ಲಿನ ನಗು.

ನಿನ್ನ ಜಗಳಗಂಟಿ ತಂಗಿ

ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಕಪಾಟಿಗೆ ಬೀಗ ಬೀಳುವ ಮೊದಲೇ ನಾನು ಮಣ್ಣುಪರೀಕ್ಷೆಯ ವರದಿ ನೋಡಿದ್ದೆ. ಆ ಇಳಿಜಾರಿನಲ್ಲಿ ತೋಡಿದ ಐದು ಗುಂಡಿ, ಐದರಲ್ಲೂ 'ನೀರಿಲ್ಲ'. ನೀರಿಲ್ಲವಾದ್ದರಿಂದ ಹಾಸು ಬೇಡ. ತೋಡಿದ್ದು ನಾಲ್ಕನೇ ತಾರೀಖು, ನೀರು ಅಳೆದದ್ದೂ ನಾಲ್ಕನೇ ತಾರೀಖು. ಕೆಳಗೆ ನಿನ್ನ ಸಹಿ. ಆರನೇ ತಾರೀಖು ನಿನಗೆ ಬಡ್ತಿ. "ಗುಂಡಿ ತೋಡಿದ ದಿನ ಅಳೀಬೇಡ ಕಣೇ, ಜೇಡಿಯಲ್ಲಿ ನೀರು ಊರೋಕೆ ಒಂದು ರಾತ್ರಿಯಾದ್ರೂ ಬೇಕು" ಅಂತ ನನಗೆ ಕಲಿಸಿದವನು ನೀನೇ. ಭಾನುವಾರ ನಾನೂ ಅತ್ತಿಗೆಯೂ ಮೂರನೇ ಗುಂಡಿಯನ್ನು ಮತ್ತೆ ತೋಡಿದೆವು. ಸೋಮವಾರ ಬೆಳಿಗ್ಗೆ ನೋಡಿದರೆ ಮೊಣಕಾಲುದ್ದ ನೀರು. ಅತ್ತಿಗೆ ಕೊಡವನ್ನು ಅಲ್ಲೇ ಇಟ್ಟು ನಿಂತರು. ಸಹಿ ನಿನ್ನದಲ್ಲವಾದರೆ ಬಂದು ಹೇಳು. ನಿನ್ನದೇ ಆದರೂ ಬಾ, ತಿದ್ದಲು ಇನ್ನೂ ಸಮಯವಿದೆ. ಶನಿವಾರ ಹನ್ನೊಂದಕ್ಕೆ ಒಪ್ಪಿಗೆ ಕೊಡುವ ಸಮಿತಿಯವರು ಜಾಗ ನೋಡಲು ಬರುತ್ತಾರೆ. ಅದಕ್ಕೂ ಮೊದಲು, ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಮೂರನೇ ಗುಂಡಿಯ ಹತ್ತಿರ.