ನಿಮ್ಮ ವಾಕಿಟಾಕಿ ಬಿಡಸ್ಕೊಂಡು ಬರಾಕ ಹೋಗಿದ್ದೆ

ಆಲಮಟ್ಟಿ ಹಿನ್ನೀರಿನ ದಂಡಿಯಿಂದ ನಮ್ಮನಿಯವ್ರಿಗೆ ಸುವರ್ಣಾನ ನಮಸ್ಕಾರ್ರಿ.

ಇದನ್ನ ಎಲ್ಲಿಗೆ ಕಳಸಬೇಕಂತ ಗೊತ್ತಿಲ್ಲ, ಆದ್ರೂ ಬರಿಯಾಕತ್ತೇನಿ. ನೀವಿದ್ದಾಗ ಎಲ್ಲಾ ಸಿಟ್ಟು ನಿಮ್ಮ ಮ್ಯಾಲ ತೀರಸ್ಕೋತಿದ್ದೆ. ಈಗ ಯಾರ ಮ್ಯಾಲ ತೀರಸ್ಕೊಳ್ಳಲಿ?

ಮೀನಿಗೆ ದೂರ ಹೋದ್ರ ಮೊಬೈಲ್ ಹತ್ತೂದಿಲ್ಲಂತ ಎರಡು ವಾಕಿಟಾಕಿ ತರಿಸಿದ್ರಿ. ಒಂದು ನಿಮ್ಮ ಹರಗೋಲಿನ್ಯಾಗ, ಒಂದು ನನ್ನ ಒಲಿ ಬಾಜೂಕ. "ರೊಟ್ಟಿ ಬಡದಿ ಏನ?" ಅಂತ ನಡುನೀರಿನಿಂದ ಕೇಳತಿದ್ರಿ. "ಮೊದಲ ಮೀನ ತರ್ರಿ" ಅಂತಿದ್ದೆ ನಾ. ಮುಗಿಲು ಕಪ್ಪಾದ್ರ ಮಾತ್ರ ಚಾಷ್ಟಿ ಇಲ್ಲ. "ಗಾಳಿ ಎದ್ದೈತಿ, ತಿರುಗಿ ಬರ್ರಿ" ಅಂದ್ರ ಸಾಕು, ಬಲಿ ಬಿಟ್ಟು ಬರ್ತಿದ್ರಿ.

ಪೊಲೀಸರು ಬಂದು ಎರಡೂ ಒಯ್ದರು. ಲೈಸನ್ಸ ಇಲ್ದ ವೈರ್‌ಲೆಸ್ ಇಟ್ಕೊಳ್ಳೂದು ಗುನ್ಹೆ, ಬ್ರಿಟಿಷರ ಕಾಲದಿಂದ ಬಂದ ಕಾಯ್ದೆ ಅಂದ್ರು. ನಮ್ಮ ಮಂದಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿ ಬಂಡಾಯ ಏಳಬಾರದಂತ ಆಗ ಹಿಂಗ ಬಿಗಿ ಮಾಡಿದ್ರಂತ. "ಅವರು ಹೋದ ಮ್ಯಾಲ ನಾ ಹುಟ್ಟಿ ಮುದುಕಿ ಆದ್ನಿ, ಅವರ ಕೀಲಿ ಇನ್ನೂ ನಮ್ಮ ಬಾಯಿಗೇ ಐತೇನು?" ಅಂದ್ಲು ನಿಮ್ಮವ್ವ.

ಅದಾದ ವಾರದಾಗ ಆ ಗಾಳಿ ಬಂತು. ದಂಡಿಗೆ ಓಡಿದೆ. ಮದುವ್ಯಾಗ ಒಡಪು ಹಾಕಿ ಹೇಳಿದ್ದು ಬಿಟ್ರ ಗಂಡನ ಹೆಸರ ಬಾಯಿಲೆ ತಗೊಂಡಾಕಿ ಅಲ್ಲ ನಾ. ಅವತ್ತ ಊರಿನ ಮಂದಿ ಮುಂದ ಮುತ್ತುರಾಜಾ, ಮುತ್ತುರಾಜಾ ಅಂತ ಗಂಟಲ ಹರಿಯುವಂಗ ಒದರಿದೆ. ನೀವು ಕಣ್ಣಿಗೆ ಕಾಣತಿದ್ರಿ. ನನ್ನ ಕಡೆ ಬೆನ್ನು ಮಾಡಿ ಬಲಿ ಎಳಿಯಾಕತ್ತಿದ್ರಿ. ನಿಮಗ ಕೇಳಲಿಲ್ರಿ. ನೋಡನೋಡದ್ರಾಗ ಹರಗೋಲ ಮಗಚಿತು. ಮರುದಿನ ನಿಮ್ಮನ್ನ ತಂದು ಮನಿ ಮುಂದ ಮಲಗಿಸಿದ್ರು.

ಈಗ ನಿಮ್ಮ ತಮ್ಮ ಸಿದ್ದಲಿಂಗ ಅದ ನೀರಿಗೆ ಹೊಂಟಾನ. ಬ್ಯಾಡಂದ್ರ ಕೇಳವಲ್ಲ, ಹೊಟ್ಟಿ ನಡೀಬೇಕಲ್ಲ ಅಂತಾನ. ಅವನ್ನರ ಉಳಿಸ್ಕೊಳ್ಳೂಣಂತ ನಿನ್ನೆ ಠಾಣೆಗೆ ಹೋಗಿದ್ದೆ. "ಲೈಸನ್ಸ ಏನೈತಿ ತಗಸ್ತೇವ್ರಿ ಸಾಹೇಬ್ರ, ಸೆಟ್ಟು ಕೊಡ್ರಿ" ಅಂದೆ. ಸಾಹೇಬ್ರು ಹೊಸಬ್ರು, ನಮ್ಮ ಸುದ್ದಿ ಗೊತ್ತಿಲ್ಲ. ಒಳ್ಳೇವರು, ಕುಂದ್ರಾಕ ಹೇಳಿ ನೀರು ಕೊಟ್ರು. "ಅವು ಮುತ್ತುರಾಜ ಅನ್ನವರ ಕಡೆಯಿಂದ ಜಪ್ತಿ ಆಗ್ಯಾವಮ್ಮ. ನೀ ಬಂದ್ರ ಆಗೂದಿಲ್ಲ. ಅವರನ್ನ ಕಳಸು" ಅಂದ್ರು.

ಹೂಂ ರೀ, ಕಳಸ್ತೇನಿ ಅಂದು ಎದ್ದು ಬಂದೇನಿ.

ನೀವಿದ್ದಲ್ಲಿ ತಣ್ಣಗಿರ್ರಿ. ಸಿದ್ದಲಿಂಗಗ ನನ್ನ ಕೂಗು ಮುಟ್ಟದಿದ್ರ, ನೀವರ ಅವನ್ನ ಮನಿ ಕಡೆ ತಿರುಗಿಸಿ ಕಳಸ್ರಿ.

ನಿಮ್ಮಾಕಿ,
ಸುವರ್ಣಾ