ಅಕ್ಕನ ಮಾಳಿಗೆಯ ಬೂದಿ

ಮಾರ್ಚ್ ೧೨, ಭಾನುವಾರ
ಲ್ಯಾಬಿನ ಊಟದ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಚೆನ್ನಾಗಿದ್ದಾಳೆ. ಬಯ್ಯುವುದಿದ್ದರೆ ಮೊದಲು ಬಯ್ದು ಮುಗಿಸು, ಆಮೇಲೆ ಓದು. ನಿನ್ನ ಯಾವ ಕಾಗದಕ್ಕೂ ಉತ್ತರ ಬರೆದಿಲ್ಲ, ಒಪ್ಪಿದೆ. ಫೋನ್ ಮಾಡಿದರೆ "ಬೇಕರೀಲಿ ಜನ ಇದ್ದಾರೆ ಕಣೇ" ಅಂತ ಅರ್ಧಕ್ಕೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

"ಬೆಟ್ಟ ಸಿಡಿಯುತ್ತಾ ಇಲ್ವಾ, ಒಂದೇ ಮಾತಲ್ಲಿ ಹೇಳು" ಅಂತ ನೀನು ಕೇಳಿದ್ದೆ. ಒಂದೇ ಮಾತಿನಲ್ಲಿ ಹೇಳುವಂತಿದ್ದರೆ ನನಗೆ ಸಂಬಳ ಯಾಕೆ ಕೊಡುತ್ತಿದ್ದರು? ಬೆಟ್ಟದ ಹೊಟ್ಟೆಯಲ್ಲಿ ಕರಗಿದ ಕಲ್ಲಿನ ಪಾಕ ಇದೆಯಲ್ಲ, ಅದರಲ್ಲಿ ನೀರೂ ಕರಗಿರುತ್ತದೆ. ಪಾಕ ಮೇಲೆ ಬಂದಂತೆಲ್ಲ ಆ ನೀರು ಆವಿಯಾಗಿ ಗುಳ್ಳೆ ಏಳುತ್ತದೆ, ನಿನ್ನ ಬ್ರೆಡ್ಡಿನ ಹಿಟ್ಟು ಉಬ್ಬುವ ಹಾಗೆ. ನೀರು ಕಡಿಮೆಯಿದ್ದರೆ ಪಾಕ ಸುಮ್ಮನೆ ಹರಿದುಹೋಗುತ್ತದೆ. ಜಾಸ್ತಿಯಿದ್ದರೆ ಬೆಟ್ಟವೇ ಸಿಡಿಯುತ್ತದೆ. ಒಳಗಿಳಿದು ಅಳೆಯುವವರು ಯಾರು? ಅದಕ್ಕೇ ಹರಳುಗಳನ್ನು ಹುಡುಕುತ್ತೇವೆ. ಹರಳು ಬೆಳೆಯುವಾಗ ಒಂದು ತೊಟ್ಟು ಪಾಕವನ್ನು ನುಂಗಿಕೊಂಡಿರುತ್ತದೆ, ಆ ತೊಟ್ಟು ಗಾಜಾಗಿ ಉಳಿಯುತ್ತದೆ. ಅದರಲ್ಲಿ ನೀರು, ಅನಿಲ ಎಷ್ಟಿದೆಯೆಂದು ಅಳೆದರೆ ಪಾಕ ಎಷ್ಟು ಆಳದಲ್ಲಿ ಕೂತಿತ್ತು ಅನ್ನುವುದೂ ತಿಳಿಯುತ್ತದೆ.

ಈಗ ನಮ್ಮ ಘನಕಾರ್ಯ ಕೇಳು. ಕಳೆದ ತಿಂಗಳು ಬೆಟ್ಟ ಒಮ್ಮೆ ಕೆಮ್ಮಿತಲ್ಲ, ಆಗ ನಮ್ಮವರು ಹೋಗಿ ಕುಂಬಳಕಾಯಿ ಗಾತ್ರದ ಕಲ್ಲುಗಳನ್ನು ಹೊತ್ತು ತಂದರು. ಹರಳುಗಳು ಒಂದಕ್ಕಿಂತ ಒಂದು ಚೆಂದ. ಅಳೆದರೆ ನೀರೇ ಇಲ್ಲ ಅನ್ನಬೇಕು! ನಮ್ಮ ಮುಖ್ಯಸ್ಥರು, ಆಳು ಕುಳ್ಳಗಿದ್ದರೂ ನಾವೆಲ್ಲ 'ದೊಡ್ಡವರು' ಅನ್ನುತ್ತೇವೆ, ಕುರ್ಚಿಯಿಂದ ಎದ್ದು "ಬೆಟ್ಟ ಒಣಗಿದೆ ಕಣ್ರಪ್ಪಾ, ಜನ ನೆಮ್ಮದಿಯಾಗಿ ಮಲಗ್ಲಿ" ಅಂದರು. ನಿಮ್ಮ ಪುರಸಭೆಗೂ ಹಾಗೇ ತಿಳಿಸಿ, ಎಲ್ಲರಿಗೂ ಕೇಕ್ ತರಿಸಿದರು. ನಿನ್ನ ಕೇಕಿನ ಮುಂದೆ ಅದು ಇಟ್ಟಿಗೆ.

ಅಷ್ಟರಲ್ಲಿ ನಿನ್ನ ಬಿಸ್ಕತ್ ಡಬ್ಬಿ ಬಂತು, ಒಳಗೆ ಬೆಟ್ಟ ಕೆಮ್ಮಿದಾಗ ನಿನ್ನ ಮಾಳಿಗೆ ಮೇಲೆ ಬಿದ್ದ ಬೂದಿ. "ಮಾಳಿಗೆ ಗುಡಿಸಿ ಗುಡಿಸಿ ಸಾಕಾಯ್ತು, ನಿಮ್ಮ ಬೆಟ್ಟದ ಕಸ ನೀವೇ ಇಟ್ಕೊಳ್ಳಿ" ಅಂತ ಚೀಟಿ ಬೇರೆ. ಕಲ್ಲುಪುಡಿ ಜರಡಿ ಹಿಡಿಯುವ ಸಹೋದ್ಯೋಗಿಗೆ ಇಲ್ಲಿ ಜರಡಿಯಮ್ಮ ಅಂತಲೇ ಹೆಸರು. ಅವಳು ನಿನ್ನ ಬೂದಿಯಿಂದ ರಸ್ಕಿನ ಚೂರು, ಬೆಕ್ಕಿನ ಕೂದಲು ಎಲ್ಲ ಆರಿಸಿ ತೆಗೆದು, "ನಿಮ್ಮಕ್ಕ ಬೂದಿ ಕಳ್ಸಿದಾರೋ, ಸಂಸಾರನೇ ಕಳ್ಸಿದಾರೋ?" ಅಂದಳು. ಉಳಿದದ್ದರಲ್ಲಿ ಸಾಸಿವೆಗಿಂತ ಸಣ್ಣ ಹರಳುಗಳಿದ್ದವು. ತಮಾಷೆಗೆಂದು ಅಳೆದೆ. ನೀರು ನಾಲ್ಕು ಪಟ್ಟು!

ಯಂತ್ರ ಕೆಟ್ಟಿದೆ ಅಂದುಕೊಂಡು ಮತ್ತೆ ಅಳೆದೆ. ಆಮೇಲೆ ತಲೆ ತಲೆ ಚಚ್ಚಿಕೊಂಡೆ. ಕುಂಬಳಕಾಯಿ ಗಾತ್ರದ ಕಲ್ಲು ಬೇಗ ಆರುವುದಿಲ್ಲ. ಅದು ಆರುವಷ್ಟರಲ್ಲಿ ಹರಳಿನೊಳಗಿನ ನೀರು ಮೆಲ್ಲಗೆ ಜಾರಿಕೊಂಡಿತ್ತು. ನಿನ್ನ ಬೂದಿ ಗಾಳಿಯಲ್ಲೇ ಥಟ್ಟನೆ ತಣ್ಣಗಾಗಿ ನೀರನ್ನು ಒಳಗೇ ಉಳಿಸಿಕೊಂಡಿತ್ತು. ಚೆಂದಕ್ಕೆ ಮರುಳಾಗಿ ನಾವೆಲ್ಲ ಮಂಗ ಆಗಿದ್ದೆವು. ದೊಡ್ಡವರ ಮುಖ, ಪಾಪ, ಕೆಂಪಗಾಯಿತು. ಆದರೆ ನಿಂತ ಕಾಲಲ್ಲೇ ನಿಮ್ಮ ಪುರಸಭೆಗೆ ಫೋನ್ ಮಾಡಿ, "ನಾವು ತಪ್ಪು ಹೇಳಿದ್ವಿ, ಊರು ಖಾಲಿ ಮಾಡ್ಸಿ" ಅಂದರು. ಅವತ್ತು ಅವರ ಮೇಲೆ ನನಗೆ ಗೌರವ ಹೆಚ್ಚಿತು.

ಆದ್ದರಿಂದ ಅಕ್ಕ, ಒಂದೇ ಮಾತು: ಹೊರಡು. ಪಾಕ ನೀರು ತುಂಬಿಕೊಂಡು ಐದು ಕಿಲೋಮೀಟರ್ ಆಳದಲ್ಲಷ್ಟೇ ಕೂತಿದೆ. ಯಾವತ್ತು ಏಳುತ್ತದೋ ಹೇಳಲಾರೆ. ಎದ್ದರೆ ನಿನ್ನ ಬೀದಿ ಉಳಿಯುವುದಿಲ್ಲ. ಮನೆಗೆ ಬಂದ ಪುರಸಭೆಯವರಿಗೆ "ಒಲೆ ಆರ್ಸಕ್ಕಾಗಲ್ಲ, ಗಿರಾಕಿಗಳು ಏನಂತಾರೆ" ಅಂದೆಯಂತೆ. ಗಿರಾಕಿಗಳೇ ಗಂಟುಮೂಟೆ ಕಟ್ಟಿದ್ದಾರೆ, ಇನ್ನು ಬ್ರೆಡ್ ಯಾರಿಗೆ, ಬೆಕ್ಕಿಗಾ? ಈ ಕಾಗದ ತಂದವರು ನಮ್ಮ ಜೀಪಿನ ಡ್ರೈವರ್. "ಅಕ್ಕ ಹತ್ತೋವರ್ಗೂ ಅಲ್ಲೇ ಬನ್ ತಿಂತಾ ಕೂತಿರ್ತೀನಿ" ಅಂದಿದ್ದಾರೆ. ಆಸಾಮಿ ತಿನ್ನುವುದರಲ್ಲಿ ಗಟ್ಟಿ, ಬೇಗ ಹತ್ತಿದರೆ ನಿನಗೇ ಉಳಿತಾಯ. ನಿನಗೆ ಕಿಟಕಿಯ ಪಕ್ಕದ ಕೋಣೆ ಒರೆಸಿಟ್ಟಿದ್ದೇನೆ. ನಿನ್ನ ಗೊರಕೆಗೆಂದು ನನ್ನ ಕಿವಿಗೆ ಹತ್ತಿಯನ್ನೂ ತಂದಿಟ್ಟುಕೊಂಡಿದ್ದೇನೆ.

ದೊಡ್ಡವಳು ನೀನು, ನಾನು ಹರಸುವಂತಿಲ್ಲ. ಬೆಕ್ಕಿಗೆ ಮಾತ್ರ ನನ್ನ ಆಶೀರ್ವಾದ, ನೂರು ಕಾಲ ಇಲಿ ಹಿಡಿಯಲಿ. ನಿನ್ನ ಆಶೀರ್ವಾದವನ್ನು ಇಲ್ಲಿಗೇ ಬಂದು ಕೊಡು.

ನಿನ್ನ
ಬಾಯಿಬಡುಕಿ ತಂಗಿ

ತಾ.ಕ.: ಒಲೆ ಬರೀ ನೆಪ, ನನಗೆ ಗೊತ್ತು ಅಕ್ಕ. ಭಾವ ಜಗಳವಾಡಿ ಮನೆ ಬಿಟ್ಟು ಹೋದ ಮೇಲೆ ಇಷ್ಟು ವರ್ಷ ನೀನು ಒಂದು ರಾತ್ರಿಯೂ ಬೇರೆ ಕಡೆ ಮಲಗಿಲ್ಲ. ಅಪ್ಪ ತೀರಿಕೊಂಡ ದಿನವೂ ಸಂಜೆಯ ಬಸ್ಸಿಗೇ ವಾಪಸ್ ಓಡಿದೆ. ಭಾವ ಬಂದು, ಬೀಗ ನೋಡಿ, ತಿರುಗಿ ಹೋಗಿಬಿಟ್ಟರೆ ಅಂತ ತಾನೇ? ಡ್ರೈವರ್ ಹತ್ತಿರ ಬಣ್ಣ, ಬ್ರಷ್ ಕಳಿಸಿದ್ದೇನೆ. ಬಾಗಿಲ ಮೇಲೆ ನನ್ನ ವಿಳಾಸವನ್ನು ದಪ್ಪಕ್ಷರದಲ್ಲಿ ಬರೆದು ಬಾ. ಆ ಬಾಗಿಲೇ ಸುಟ್ಟುಹೋದರೆ ಅಂತ ಕೇಳಬೇಡ. ಅವರು ಎಲ್ಲಿಗೆ ಬಂದು ಯಾವ ಬಾಗಿಲು ತಟ್ಟಿದರೂ, ತೆಗೆಯುವುದಕ್ಕೆ ನೀನಿರಬೇಕಲ್ಲ.